ಉತ್ತರ ಸರಿ, ಆದರೂ ಕೆಂಪು ಗುರುತು

ಈ ಆನ್‌ಲೈನ್ ಅಭ್ಯಾಸದ ಪ್ರಶ್ನೆ ತಯಾರಿಸೋರಿಗೆ ಮೊದಲು ತ್ರಿಕೋನಮಿತಿ ಕಲಿಸ್ಬೇಕು ಮಾರಾಯ್ರೆ. ಸೈನ್ ಎಕ್ಸ್ ಇಂಟು ಕಾಸ್ ಎಕ್ಸ್ ಇಂಟಿಗ್ರೇಟ್ ಮಾಡಿ ಅಂತು. ಮೈನಸ್ ಕಾಸ್ ಸ್ಕ್ವೇರ್ ಎಕ್ಸ್ ಬೈ 2, ಪ್ಲಸ್ ಸಿ (ಸಿ ಅಂದ್ರೆ ಯಾವುದಾದ್ರೂ ಒಂದು ಸ್ಥಿರ ಸಂಖ್ಯೆ) ಅಂತ ಹಾಕಿದೆ. ತಪ್ಪಂತೆ! ಅದಕ್ಕೆ ಬೇಕಿದ್ದದ್ದು ಸೈನ್ ಸ್ಕ್ವೇರ್ ಎಕ್ಸ್ ಬೈ 2, ಪ್ಲಸ್ ಸಿ. ಸೈನ್ ಸ್ಕ್ವೇರ್ ಪ್ಲಸ್ ಕಾಸ್ ಸ್ಕ್ವೇರ್ ಒಂದು ತಾನೇ, ಹಾಗಾಗಿ ಎರಡಕ್ಕೂ ಇರೋ ವ್ಯತ್ಯಾಸ ಬರೀ ಅರ್ಧ. ಅದನ್ನ ನುಂಗೋಕೆ ತಾನೇ ಆ ಸಿ ಇರೋದು? ಡಿಫರೆನ್ಶಿಯೇಟ್ ಮಾಡಿ ನೋಡಿದ್ರೆ ಮುಗೀತಿತ್ತು, ಅಷ್ಟೂ ವ್ಯವಧಾನ ಇಲ್ಲ.

ಹಿಂಟ್ ಒತ್ತಿದ್ರೆ ‘ಸರಿಯಾದ ಸಬ್‌ಸ್ಟಿಟ್ಯೂಶನ್ ಬಳಸಿ’. ಯಾವುದು ಸರಿ ಅಂತ ಗೊತ್ತಿದ್ರೆ ಹಿಂಟ್ ಯಾಕಪ್ಪಾ ಒತ್ತುತ್ತಿದ್ದೆ?

ಇನ್ನು ರಿಯಲ್ ಅನಾಲಿಸಿಸ್ (ಕ್ಯಾಲ್ಕುಲಸ್‌ನ ಬುನಾದಿಯನ್ನ ಪ್ರೂಫ್ ಸಮೇತ ಕಲಿಸೋ ವಿಷಯ) ಕೇಳಲೇಬೇಡಿ. ಲಿಮಿಟ್‌ಗಳನ್ನ ಹೆಜ್ಜೆ ಹೆಜ್ಜೆಯಾಗಿ ಸಾಧಿಸೋ ಎಪ್ಸಿಲಾನ್-ಡೆಲ್ಟಾ ಪ್ರೂಫ್ ಬರೆಯೋದನ್ನ ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಟಿಕ್ ಹಾಕಿ ಕಲೀಬೇಕಂತೆ!