ಏಣಿ ಎತ್ತಿದ ದಿನ

ಪರಭಾಷೆಯೊಂದು ತನಗೆ ಬರುತ್ತದೆ ಎಂದು ಮನುಷ್ಯ ಯಾವಾಗ ಧೈರ್ಯವಾಗಿ ಹೇಳಿಕೊಳ್ಳಬಹುದು ಎಂಬ ಪ್ರಶ್ನೆಗೆ ಯೂರೋಪಿನವರು ಅಚ್ಚುಕಟ್ಟಾದ ಉತ್ತರವನ್ನು ಸಿದ್ಧಪಡಿಸಿಟ್ಟಿದ್ದಾರೆ. ಕೌನ್ಸಿಲ್ ಆಫ್ ಯೂರೋಪ್ 2001ರಲ್ಲಿ ಪ್ರಕಟಿಸಿದ ಕ್ರಮದಂತೆ ಭಾಷಾಜ್ಞಾನಕ್ಕೆ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಿವೆ. ಜರ್ಮನಿಯ ಪೌರತ್ವಕ್ಕೆ ಮೂರನೆಯ ಮೆಟ್ಟಿಲಾದ ಬಿ1 ಸಾಕು. ಸ್ಟುಟ್‌ಗಾರ್ಟ್‌ಗೆ ಬಂದ ಮೂರನೆಯ ವರ್ಷ ನಾನು ಬಿ2 ಪ್ರಮಾಣಪತ್ರವನ್ನೇ ಪಡೆದೆ. ಅದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕುವ ಆಲೋಚನೆಯೂ ಇತ್ತು, ಹೆಂಡತಿ ಒಪ್ಪಲಿಲ್ಲ.

ಆ ವಾರವೇ ಹಲ್ಲುನೋವು ಬಂತು. ದಂತವೈದ್ಯರಲ್ಲಿಗೆ ಫೋನ್ ಮಾಡಿದಾಗ 'ಹಾಲ್ಪ್ ಡ್ರೈ'ಗೆ ಬನ್ನಿ ಎಂದರು. ಹಾಲ್ಪ್ ಎಂದರೆ ಅರ್ಧ, ಡ್ರೈ ಎಂದರೆ ಮೂರು. ನಾನು ಮೂರೂವರೆಗೆ ಸರಿಯಾಗಿ ಹೋಗಿ ನಿಂತೆ. ಜರ್ಮನರ ಲೆಕ್ಕದಲ್ಲಾದರೋ ಅದು ಮೂರನೆಯ ಗಂಟೆಯ ಅರ್ಧ, ಅಂದರೆ ಎರಡೂವರೆ. ಎ1 ತರಗತಿಯಲ್ಲೇ ಕಲಿತ ಪಾಠವಿದು. ಆದರೆ ಹಲ್ಲು ನೋಯುವಾಗ ಯಾರೂ ಪರಭಾಷೆಯಲ್ಲಿ ಲೆಕ್ಕ ಹಾಕುವುದಿಲ್ಲ. ನನ್ನ ತಪ್ಪನ್ನು ನಾನು ಸವಿಸ್ತಾರವಾಗಿ ಜರ್ಮನ್‌ನಲ್ಲಿ ವಿವರಿಸಿದಾಗ, ಅಲ್ಲಿ ಕುಳಿತಿದ್ದ ಹೆಂಗಸು "ನಿಮ್ಮ ಜರ್ಮನ್ ಎಷ್ಟು ಚೆನ್ನಾಗಿದೆ!" ಎಂದು ಹೊಗಳಿ, ಎರಡು ವಾರ ಬಿಟ್ಟು ಬರಲು ಹೇಳಿದರು.

ಆ ಹೊಗಳಿಕೆ ಹಲ್ಲಿಗಿಂತ ಹೆಚ್ಚು ನೋಯಿಸಿತು. ಬೆಂಗಳೂರಿನ ಕಚೇರಿಯಲ್ಲಿ ಉತ್ತರದಿಂದ ಬಂದ ಸಹೋದ್ಯೋಗಿಯೊಬ್ಬರು "ಊಟ ಆಯ್ತಾ?" ಎಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದ್ದು ನೆನಪಾಯಿತು. ನಿಜವಾಗಿ ಕನ್ನಡ ಬರುವವರಿಗೆ ಯಾರು ತಾನೇ ಚಪ್ಪಾಳೆ ತಟ್ಟುತ್ತಾರೆ?

ಹೊಗಳಿಕೆ ನಿಂತದ್ದು ನಮ್ಮ ಕಟ್ಟಡದ ಕೆಳಮನೆಯ ಅಜ್ಜಿಯಿಂದ. ಎಪ್ಪತ್ತು ದಾಟಿದ ಅವರು ಒಂದು ಸಂಜೆ ಮೆಟ್ಟಿಲ ಬಳಿಯ ಬಲ್ಬು ಬದಲಿಸಲು ಏಣಿಯ ಎರಡನೆಯ ಹಲ್ಲಿನ ಮೇಲೆ ನಿಂತು, ನನ್ನನ್ನು ಕಂಡೊಡನೆ ಏಣಿಯತ್ತ ಬೊಟ್ಟುಮಾಡಿ ಏನನ್ನೋ ಹೇಳಿದರು. 'ಹೇಬೆನ್' ಎಂಬ ಕ್ರಿಯಾಪದ ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು. ಹೇಬೆನ್ ಎಂದರೆ ಎತ್ತುವುದು ಎಂದು ಪಠ್ಯಪುಸ್ತಕದಲ್ಲಿ ಚಿತ್ರಸಹಿತ ಓದಿದ್ದೆ. ಏಣಿಯ ಮೇಲೆ ತಾವೇ ನಿಂತುಕೊಂಡು ಅದನ್ನು ಎತ್ತು ಎನ್ನುವುದು ವಿಚಿತ್ರವೆನಿಸಿದರೂ, ಹಿರಿಯರ ಮಾತು ಮೀರಬಾರದೆಂದು, ಎರಡೂ ಕೈಗಳಿಂದ ಏಣಿಯನ್ನು ಎತ್ತಿದೆ.

ಅಜ್ಜಿ ಬೀಳಲಿಲ್ಲ, ಬಲ್ಬು ಬಿತ್ತು. ಈ ಸೀಮೆಯ ಶ್ವಾಬಿಷ್ ನುಡಿಯಲ್ಲಿ ಹೇಬೆನ್ ಎಂದರೆ ಹಿಡಿದುಕೊಳ್ಳುವುದು, ಎತ್ತುವುದಕ್ಕೆ ಲುಪ್ಫೆನ್ ಎಂಬ ಬೇರೆಯೇ ಪದವಿದೆ ಎಂಬ ವ್ಯಾಕರಣವನ್ನು ಅವರು ಕೆಳಗಿಳಿದು ಕಾಲು ಗಂಟೆ ಬೈಗುಳದ ರೂಪದಲ್ಲಿ ಬೋಧಿಸಿದರು. ನನ್ನ ಜರ್ಮನ್ ಚೆನ್ನಾಗಿದೆ ಎಂದು ಒಮ್ಮೆಯೂ ಹೇಳಲಿಲ್ಲ. ಕೊನೆಗೆ ತೊಡೆ ಹಿಡಿದುಕೊಂಡು 'ಫೂಸ್' ನೋಯುತ್ತಿದೆ ಎಂದರು. ಪುಸ್ತಕದ ಜರ್ಮನ್‌ನಲ್ಲಿ ಫೂಸ್ ಎಂದರೆ ಪಾದ ಮಾತ್ರ. ಇವರಿಗೆ ಸೊಂಟದಿಂದ ಬೆರಳಿನವರೆಗೆ ಎಲ್ಲವೂ ಫೂಸ್. ಇದೊಂದಕ್ಕೆ ಮಾತ್ರ ನನಗೆ ನಿಘಂಟು ಬೇಕಾಗಲಿಲ್ಲ. ನಮಗೂ ತೊಡೆ ಉಳುಕಿದರೂ ಪಾದ ಊದಿದರೂ ಅದು ಕಾಲುನೋವೇ ತಾನೆ?

ಅಂದು ರಾತ್ರಿ ನನಗೆ ಕಿಟೆಲ್ ನೆನಪಾದರು. 1853ರಲ್ಲಿ ನಮ್ಮ ನಾಡಿಗೆ ಬಂದು, 1894ರಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಮಹನೀಯರು ಅವರು. ಅಷ್ಟೂ ಪದಗಳನ್ನು ಹೊತ್ತು ಅದೇ ಮಂಗಳೂರಿನ ಸಂತೆಗೆ ಹೋದರೆ, ಮೀನು ಮಾರುವ ಹೆಂಗಸು ತುಳುವಿನಲ್ಲಿ ಬೆಲೆ ಹೇಳಿರುತ್ತಾಳೆ! ಜರ್ಮನಿಯ ಉತ್ತರ ಕರಾವಳಿಯ ಸೀಮೆಯಲ್ಲಿ ಹುಟ್ಟಿದ ಅವರು 1903ರಲ್ಲಿ ತೀರಿಕೊಂಡದ್ದು ನಮಗೆ ಹತ್ತಿರದ ಟ್ಯೂಬಿಂಗನ್‌ನಲ್ಲಿ, ಇದೇ ಶ್ವಾಬಿಷ್ ಸೀಮೆಯಲ್ಲಿ. ಅಲ್ಲಿ ಅವರಿಗೂ ಯಾರಾದರೂ ಏಣಿ ತೋರಿಸಿ ಹೇಬೆನ್ ಎಂದಿದ್ದರೋ ಏನೋ.

ಈಗ ಬಲ್ಬು ಹೋದರೆ ಅಜ್ಜಿ ನನ್ನನ್ನು ಕರೆಯುವುದಿಲ್ಲ. ಎ1 ತರಗತಿಗೆ ಹೋಗುತ್ತಿರುವ ನನ್ನ ಹೆಂಡತಿಯನ್ನು ಕರೆಯುತ್ತಾರೆ. ಹೇಬೆನ್ ಎಂಬ ಪದವನ್ನು ಇನ್ನೂ ಕಲಿತಿರದ ಅವಳು ಏಣಿಯನ್ನು ಭದ್ರವಾಗಿ ಹಿಡಿದುಕೊಳ್ಳುತ್ತಾಳೆ.