ಒಲೆಯ ಹಿಂದಿನ ದೈವಕ್ಕೊಂದು ತುಂಡು ರೊಟ್ಟಿ

ಕ್ಯಾಥರೀನ್ ಆರ್ಡನ್ ಅವರ 'ವಿಂಟರ್‌ನೈಟ್' ಸರಣಿಯ ಮೊದಲ ಕಾದಂಬರಿ, ಹಳೇ ರಷ್ಯದಲ್ಲಿ ನಡೆಯುವ 'ದ ಬೇರ್ ಆ್ಯಂಡ್ ದ ನೈಟಿಂಗೇಲ್' ಅನ್ನು ನೂರು ಪುಟಕ್ಕೇ ಕೈಬಿಡುವವರಿದ್ದಾರೆ. ಏನೂ ನಡೆಯಲ್ಲ, ಬರೀ ಚಳಿ, ಕಾಡು, ಒಲೆ ಅಂತ ಅವರ ದೂರು. ಆ ಒಲೆಯೇ ಕಥೆ ಅನ್ನುವುದು ನನ್ನ ವಾದ.

ರಷ್ಯದ ಹಳ್ಳಿಮನೆಯ ಒಲೆ ನಮ್ಮ ಅಡುಗೆಮನೆಯ ಒಲೆಯಂಥದ್ದಲ್ಲ. ಕೋಣೆಯಲ್ಲಿ ದೊಡ್ಡ ಪಾಲನ್ನೇ ನುಂಗುವ ಮಣ್ಣು-ಇಟ್ಟಿಗೆಯ ಗೂಡು ಅದು. ಬೆಳಿಗ್ಗೆ ಒಮ್ಮೆ ಸೌದೆ ಒಟ್ಟಿ ಉರಿಸಿದರೆ ಆ ಗೋಡೆಗಳು ಕಾವನ್ನು ಹಿಡಿದಿಟ್ಟುಕೊಂಡು ರಾತ್ರಿಯವರೆಗೂ ಬಿಡುತ್ತಿರುತ್ತವೆ. ಬೆಂಕಿ ಆರಿದ ಮೇಲಿನ ಕಾವಿನಲ್ಲೇ ರೊಟ್ಟಿ ಬೇಯುತ್ತದೆ, ಗಂಜಿ ಹದವಾಗುತ್ತದೆ. ಅದರ ಮೇಲ್ಭಾಗದಲ್ಲಿ ಮುದುಕರೂ ಮಕ್ಕಳೂ ಮಲಗುತ್ತಾರೆ. ಅದರ ಹಿಂದೆ ದೊಮೊವೊಯ್ ಇರುತ್ತಾನೆ, ಮನೆ ಕಾಯುವ ಗಡ್ಡದ ಪುಟ್ಟ ಮುದುಕ. ಹೊಸ ಮನೆಗೆ ಹೋಗುವಾಗ ಹಳೇ ಒಲೆಯ ಕೆಂಡವನ್ನು ಮಡಕೆಯಲ್ಲಿ ಹೊತ್ತು ಅವನನ್ನೂ ಜತೆಗೆ ಕರೆದೊಯ್ಯುವ ಪದ್ಧತಿ ಇತ್ತು. ಬಚ್ಚಲುಮನೆಗೆ ಬಾನ್ನಿಕ್, ನೀರಿಗೆ ರುಸಾಲ್ಕಾ, ಕಾಡಿಗೆ ಲೆಶಿ. ಎಲ್ಲರಿಗೂ ಸಲ್ಲಬೇಕಾದ್ದು ಸಲ್ಲಬೇಕು. ತುಳುನಾಡಿನಲ್ಲಿ ಮನೆದೈವಕ್ಕೆ ತಂಬಿಲ ಕೊಡುವುದನ್ನು ಕಂಡವರಿಗೆ ಈ ಲೆಕ್ಕಾಚಾರ ಬಿಡಿಸಿ ಹೇಳಬೇಕಿಲ್ಲ.

ಈಗ ಕಥೆ ನೋಡಿ. ಹದಿನಾಲ್ಕನೇ ಶತಮಾನದ ಉತ್ತರದ ಹಳ್ಳಿಯೊಂದಕ್ಕೆ ಕೊನ್‌ಸ್ತಾಂತಿನ್ ಎಂಬ ಪಾದ್ರಿ ಬರುತ್ತಾನೆ. ಒಳ್ಳೆಯ ಕಂಠ, ದೇವರ ಚಿತ್ರ ಬರೆಯುವ ಕೈ. ಅವನ ಮಾತಿಗೆ ಹೆದರಿ ಜನ ದೊಮೊವೊಯ್‌ಗೆ ರೊಟ್ಟಿಯ ಚೂರು ಇಡುವುದನ್ನು ನಿಲ್ಲಿಸುತ್ತಾರೆ. ರೊಟ್ಟಿ ನಿಂತರೆ ಅವನು ಸೊರಗುತ್ತಾನೆ, ಅವನು ಸೊರಗಿದರೆ ಹೊಸ್ತಿಲು ಕಾಯುವವರಿಲ್ಲ, ಆಮೇಲೆ ಸತ್ತವರೇ ಬಾಗಿಲಿಗೆ ಬರುತ್ತಾರೆ. ಮೊದಲ ನೂರು ಪುಟ ನಿಧಾನ ನಿಜ. ಆದರೆ ಇಟ್ಟ ಒಂದೊಂದು ಚೂರನ್ನೂ ಅಲ್ಲಿ ಎಣಿಸಿಕೊಂಡಿರದಿದ್ದರೆ, ಮುಂದೆ ಅದು ತಪ್ಪಿದಾಗ ಓದುಗನಿಗೆ ಎದೆ ನಡುಗುವುದಿಲ್ಲ.

ಓದುಗರು ಎಡವುವ ಇನ್ನೊಂದು ಜಾಗ ಹೆಸರುಗಳು. ವಾಸಿಲಿಸಾ, ವಾಸ್ಯಾ, ವಾಸೊಚ್ಕಾ ಮೂವರೂ ಒಬ್ಬಳೇ, ಕಥಾನಾಯಕಿ. ಅವಳ ಅಣ್ಣಂದಿರಲ್ಲಿ ಅಲೆಕ್ಸಾಂದ್ರನೇ ಸಾಶಾ, ಅಲೆಕ್ಸೇಯನೇ ಅಲ್ಯೋಶಾ. ಪೆತ್ರೋವ್ನಾ ಅಂದರೆ ಪ್ಯೋತ್ರನ ಮಗಳು, ಮನೆತನದ ಹೆಸರಲ್ಲ. ಅವಳ ಹೆತ್ತ ತಾಯಿ ಮರೀನಾ ಇವಾನೊವ್ನಾ, ಮಲತಾಯಿ ಆನ್ನಾ ಇವಾನೊವ್ನಾ ಅಂತ ನೋಡಿದ ಕೂಡಲೇ ಅಕ್ಕತಂಗಿಯರು ಅಂದುಕೊಳ್ಳಬೇಡಿ. ಕಾದಂಬರಿಯಲ್ಲಿ ಮೊದಲನೆಯವಳು ಮಾಸ್ಕೋದ ಅರಸ ಇವಾನ್ ಕಲಿತಾನ ಮಗಳು, ಎರಡನೆಯವಳು ಅವನ ಮಗ ಎರಡನೇ ಇವಾನನ ಮಗಳು. ಪುಸ್ತಕದ ಕೊನೆಯಲ್ಲಿ ಹೆಸರುಗಳ ಟಿಪ್ಪಣಿಯೂ ಪದಕೋಶವೂ ಇವೆ. ಅವನ್ನು ಮೊದಲೇ ಓದಿಬಿಡಿ.

2017ರಿಂದ 2019ರೊಳಗೆ ಬಂದ ಮೂರೂ ಸಂಪುಟಗಳನ್ನು ಕ್ರಮದಲ್ಲೇ ಓದಬೇಕು. ಎರಡನೆಯದು ಮಾಸ್ಕೋಗೆ ಹೋಗುತ್ತದೆ, ಓಟ ಜೋರು. ಮೂರನೆಯದು ಅದು ಮುಗಿದಲ್ಲಿಂದಲೇ ಶುರು, ಎರಡು ಕಾದಂಬರಿಗಾಗುವಷ್ಟು ಸರಕನ್ನು ಒಂದರಲ್ಲೇ ತುರುಕಿದ್ದಾರೆ. ಸರಣಿಯಲ್ಲಿ ನನಗೆ ಕಾಣುವ ನಿಜವಾದ ಕೊರತೆ ಇದು. ಕಥೆ ರಷ್ಯನ್ನರು ತಾತಾರರನ್ನು ಎದುರಿಸಿದ 1380ರ ಕುಲಿಕೊವೊ ಕದನದವರೆಗೆ ಸಾಗುತ್ತದೆ. ಪಾತ್ರಗಳಲ್ಲಿ ಚರಿತ್ರೆಯವರೂ ಇದ್ದಾರೆ, ಹಾಗಾಗಿ ಮುಗಿಸುವವರೆಗೆ ಆ ಕದನದ ಬಗ್ಗೆ ಇಂಟರ್ನೆಟ್‌ನಲ್ಲಿ ಹುಡುಕಬೇಡಿ, ಒಂದು ಸಾವು ಮೊದಲೇ ಗೊತ್ತಾಗಿಬಿಡುತ್ತದೆ.

ಬದಲಿಗೆ ರಷ್ಯದ ಜನಪದ ಕಥೆಗಳ ಸಂಗ್ರಾಹಕ ಅಫನಾಸ್ಯೆವ್ 1855ರಿಂದ 1863ರವರೆಗೆ ಪ್ರಕಟಿಸಿದ ಜನಪದ ಕಥೆಗಳಲ್ಲಿ 'ಮೊರೊಜ್ಕೊ' ಹುಡುಕಿ ಓದಿ. ಕೆಲವೇ ಪುಟದ ಕಥೆ. ಮಲತಾಯಿಯ ಮಾತು ಕೇಳಿ ಅಪ್ಪ ಮಗಳನ್ನು ಹಿಮದ ಕಾಡಿನಲ್ಲಿ ಬಿಟ್ಟುಬರುತ್ತಾನೆ. ಹಿಮದೊಡೆಯ ಬಂದು 'ಬೆಚ್ಚಗಿದ್ದೀಯೇನಮ್ಮಾ?' ಎಂದು ಮತ್ತೆ ಮತ್ತೆ ಕೇಳುತ್ತಾನೆ. ಹಲ್ಲು ಕಟಕಟ ಎನ್ನುತ್ತಿದ್ದರೂ ಅವಳು 'ಬೆಚ್ಚಗಿದ್ದೀನಪ್ಪಾ' ಅನ್ನುತ್ತಾಳೆ. ಆ ವಿನಯಕ್ಕೆ ಅವಳಿಗೆ ತುಪ್ಪುಳದ ಕೋಟು, ಪೆಟ್ಟಿಗೆ ತುಂಬ ವರದಕ್ಷಿಣೆ. ಬೈದ ಮಲತಂಗಿ ಹೆಪ್ಪುಗಟ್ಟಿ ಸಾಯುತ್ತಾಳೆ. ಕಾದಂಬರಿಯ ಆರಂಭದಲ್ಲಿ ದಾದಿ ದೂನ್ಯಾ ಒಲೆಯ ಬಳಿ ಮಕ್ಕಳಿಗೆ ಹೇಳುವುದೂ ಇದೇ ಕಥೆಯನ್ನು. ಆಗ ವಾಸ್ಯಾ ಇನ್ನೂ ಹುಟ್ಟಿಲ್ಲ. ಹುಟ್ಟಿ ಬೆಳೆದ ಮೇಲೆ ಚಳಿಯಾದರೆ ಚಳಿ ಎಂದೇ ಹೇಳುವ ಹುಡುಗಿ ಅವಳು.