ಸಂಪ್ ಸೋರಿಕೆಯನ್ನು ಉಪ್ಪು ಮುಚ್ಚುವುದಿಲ್ಲ

ಉಪ್ಪುನೀರಿನ ಅಕ್ವೇರಿಯಂನ ಸಂಪ್ (ಮೀನಿನ ಟ್ಯಾಂಕಿನ ಕೆಳಗಿಟ್ಟು ನೀರು ಶೋಧಿಸುವ ಗಾಜಿನ ತೊಟ್ಟಿ) ಸೋರಿದರೆ ಖಾಲಿ ಮಾಡಬೇಕಿಲ್ಲ, ಹೊರಗಿನಿಂದ ಸಿಲಿಕೋನ್ ಅಂಟು ಹಚ್ಚಿ, ಉಳಿದದ್ದನ್ನು ಉಪ್ಪೇ ಮುಚ್ಚುತ್ತದೆ ಎಂಬ ಮೆಸೇಜ್ ಮಡಿಕೇರಿ, ಕುಶಾಲನಗರದ ಮೀನು ಸಾಕುವವರ ನಡುವೆ ಓಡಾಡುತ್ತಿದೆ. ಇದು ತಪ್ಪು, ದಯವಿಟ್ಟು ನಂಬಬೇಡಿ.

ನನ್ನ ಸಂಪಿನ ಮೂಲೆಯಲ್ಲೂ ಬಿಳಿ ಉಪ್ಪಿನ ಗೆರೆ ಕಟ್ಟಿತ್ತು. ಬೆರಳಲ್ಲಿ ಉಜ್ಜಿದೆ, ಪುಡಿಯಾಗಿ ಉದುರಿತು. ಹಿಂದೆಯೇ ಒಂದು ಹನಿ ಇಣುಕಿತು. ನೀರಲ್ಲಿ ಕರಗುವ ಉಪ್ಪು ನೀರನ್ನು ತಡೆಯಲ್ಲ ಅಲ್ವಾ?

ಹೊರಗೆ ಹಚ್ಚಿದ ಸಿಲಿಕೋನನ್ನು ಒಳಗಿನ ನೀರಿನ ಒತ್ತಡ ಕಿತ್ತು ತಳ್ಳುತ್ತದೆ. ಹಳೆಯ ಸಿಲಿಕೋನ್ ಮೇಲೆ ಹೊಸದು ಗಟ್ಟಿಯಾಗಿ ಅಂಟುವುದೂ ಇಲ್ಲ. ಮೊದಲು ಕರೆಂಟಿನ ಪ್ಲಗ್ ತೆಗೆಯಿರಿ, ಆಮೇಲೆ ನೀರಿಗೆ ಕೈ ಹಾಕಿ. ಸಂಪ್ ಖಾಲಿ ಮಾಡಿ, ಹಳೆಯದನ್ನು ಬ್ಲೇಡಿನಲ್ಲಿ ಪೂರ್ತಿ ಕೆರೆದು, ಗಾಜು ಒರೆಸಿ ಒಣಗಿಸಿ, ಒಳಗಿನಿಂದ ಹಚ್ಚಿ. ಬೂಷ್ಟು ತಡೆಯುವ ಬಾತ್‌ರೂಮ್ ಸಿಲಿಕೋನ್ ಮಾತ್ರ ಬೇಡ, ಅದರಲ್ಲಿನ ಔಷಧ ಮೀನಿಗೆ, ಹವಳಕ್ಕೆ ವಿಷವಾಗಬಹುದು.

ಕಕ್ಕಡದ (ಕೊಡಗಿನ ಜುಲೈ-ಆಗಸ್ಟ್‌ನ) ಮಳೆಯಲ್ಲಿ ಸಿಲಿಕೋನ್ ಒಣಗಲ್ಲ ಅನ್ನುವವರೂ ಇದ್ದಾರೆ. ಅದು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ತೊಂದರೆ ಇರುವುದು ಗಾಜು ಒದ್ದೆಯಿದ್ದರೆ. ಹೇರ್ ಡ್ರೈಯರ್ ಹಿಡಿಯಿರಿ, ಟ್ಯೂಬಿನ ಮೇಲೆ ಬರೆದಷ್ಟು ದಿನ ಕಾಯಿರಿ. ಅಲ್ಲಿಯವರೆಗೆ ಮೇಲಿನ ಟ್ಯಾಂಕಿನಲ್ಲಿ ಹೀಟರ್, ನೀರು ಕಲಕುವ ವೇವ್‌ಮೇಕರ್ ಓಡಲಿ, ಮೀನಿಗೆ ಊಟ ಜಾಸ್ತಿ ಹಾಕಬೇಡಿ.

ಇನ್ನೊಂದು ತಪ್ಪು: ಸೋರಿದ ನೀರಿಗೆ ಬದಲು ಸಿಹಿನೀರು ಸುರಿಯುವುದು. ಆವಿಯಾದಾಗ ಉಪ್ಪು ಒಳಗೇ ಉಳಿಯುತ್ತದೆ, ಆಗ ಸಿಹಿನೀರು ಸರಿ. ಸೋರಿದಾಗ ಉಪ್ಪೂ ಹೋಗಿರುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಸಮುದ್ರ ಉಪ್ಪಿನ ಮಿಶ್ರಣ ಕರಗಿಸಿ, ಸಾಪೇಕ್ಷ ಸಾಂದ್ರತೆ (ಸಿಹಿನೀರಿಗೆ ಹೋಲಿಸಿದರೆ ಎಷ್ಟು ಭಾರ ಎಂಬ ಅಳತೆ) 1.025ರ ಆಸುಪಾಸು ಇದೆಯೇ ಎಂದು ಅಳೆದು ಹಾಕಿ.